ವೃದ್ಧಾಶ್ರಮ, ಆರೈಕೆ ಕೇಂದ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ವಯಸ್ಸಾದವರನ್ನು ಎಲ್ಲಿರಿಸಿ ನೋಡಿಕೊಳ್ಳೋದು ಎಂಬ ಬಗ್ಗೆ ನೆಂಟರು, ಪರಿಚಯದವರು, ಫೋನ್ ಮಾಡುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ಉತ್ತರಗಳು ಕರ್ನಾಟಕದ ಮಟ್ಟಿಗೆ. ಹೆಚ್ಚಿನವರು ಆಸ್ಪತ್ರೆಯಲ್ಲಿ "ನಾಳೆ ಡಿಸ್ಚಾರ್ಜ್" ಅಂದಮೇಲೆ ಜಾಗ ಹುಡುಕಲು ಶುರು ಮಾಡುತ್ತಾರೆ. ಆಗ ಖಾಲಿ ಇರುವ ಹಾಸಿಗೆಯೇ ಒಳ್ಳೆಯ ಜಾಗ ಅನಿಸಿಬಿಡುತ್ತದೆ. ಹಿರಿಯರು ಓಡಾಡಿಕೊಂಡು, ತಮ್ಮ ಮಾತು ತಾವೇ ಹೇಳುವಂತಿರುವಾಗಲೇ ಇದನ್ನು ಓದಿದರೆ ಉಪಯೋಗ ಜಾಸ್ತಿ.

## ಮೊದಮೊದಲ ಪ್ರಶ್ನೆಗಳು

"ಅಪ್ಪ ಅಮ್ಮನ್ನ ಆಶ್ರಮಕ್ಕೆ ಸೇರಿಸಿದ್ರೆ ಜನ ಏನಂತಾರೆ?"

ಅಂದೇ ಅನ್ನುತ್ತಾರೆ. ಮದುವೆ ಮನೆಯಲ್ಲಿ ಒಬ್ಬರಾದರೂ "ಅಮ್ಮ ಈಗ ಎಲ್ಲಿದಾರೆ?" ಅಂತ ಬೇಕಂತಲೇ ಜೋರಾಗಿ ಕೇಳುತ್ತಾರೆ. ಕೇಳಿದವರು ರಾತ್ರಿ ಎರಡು ಗಂಟೆಗೆ ಬಂದು ಅಮ್ಮನ ಮಗ್ಗುಲು ತಿರುಗಿಸಿ ಹೋಗುವುದಿಲ್ಲ.

ಜನರ ಮಾತು ಬಿಟ್ಟು ಮನೆಯೊಳಗೆ ನೋಡಿ. ಈಗ ಆರೈಕೆ ಮಾಡುತ್ತಿರುವುದು ಯಾರು? ಬಹಳ ಮನೆಗಳಲ್ಲಿ ಒಬ್ಬ ಸೊಸೆ, ಇಲ್ಲವೇ ಮದುವೆಯಾಗದ ಮಗಳು. ಎಷ್ಟೋ ಕಡೆ ಎಪ್ಪತ್ತೈದರ ಹೆಂಡತಿಯೇ ಎಂಬತ್ತರ ಗಂಡನನ್ನು ಎತ್ತಿ ಕೂರಿಸುತ್ತಿರುತ್ತಾರೆ. ಆ ಒಬ್ಬರ ಸೊಂಟ ಹಿಡಿದರೆ ಇಬ್ಬರಿಗೂ ಗತಿಯಿಲ್ಲ. ಅಂಥ ಮನೆಯವರು ಒಳ್ಳೆಯ ಆರೈಕೆ ಕೇಂದ್ರ ಹುಡುಕಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಸೈಟು ಖಾಲಿ ಮಾಡಿಸಲು, ಕೋಣೆ ಬಾಡಿಗೆಗೆ ಕೊಡಲು ಕಳಿಸುತ್ತಿದ್ದರೆ ಜನ ಹೇಳುವುದು ಸರಿಯಾಗಿಯೇ ಇರುತ್ತದೆ.

"ಮೊದಲೆಲ್ಲ ಇದು ಇರ್ಲಿಲ್ಲ. ಈಗ ಯಾಕೆ ಬೀದಿಗೊಂದು ಆಗ್ತಿದೆ?"

ಮೊದಲೂ ಇತ್ತು, ಯಾರೂ ಇಲ್ಲದ ಬಡವರಿಗೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 'ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್' ಸಂಸ್ಥೆಯ ಸನ್ಯಾಸಿನಿಯರು ನಡೆಸುವ ವೃದ್ಧಾಶ್ರಮ ಶುರುವಾಗಿದ್ದು 1900ರಲ್ಲಿ. ಈಗ ಬದಲಾಗಿರುವುದು ಲೆಕ್ಕ. 2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ, ಅಂದರೆ ನೂರಕ್ಕೆ 8.6. ವಿಶ್ವಸಂಸ್ಥೆಯ ಅಂದಾಜಿನಂತೆ 2050ರ ಹೊತ್ತಿಗೆ ನೂರಕ್ಕೆ ಇಪ್ಪತ್ತು ದಾಟುತ್ತದೆ. ಈ ದಾರಿಯಲ್ಲಿ ಕೇರಳ ಎಲ್ಲರಿಗಿಂತ ಮುಂದಿದೆ. ಕರ್ನಾಟಕವೂ ದೇಶದ ಸರಾಸರಿಗಿಂತ ಸ್ವಲ್ಪ ಮುಂದೆಯೇ ಇದೆ.

ಇನ್ನೊಂದು ಕಡೆ ಮನೆಗೆ ಒಂದೋ ಎರಡೋ ಮಕ್ಕಳು. ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ಡಲ್ಲಾಸ್‌ನಲ್ಲಿ. ಹಾಸನದ ಮನೆಯಲ್ಲಿ ಇಬ್ಬರೇ. ಮೊದಲು ಪಾರ್ಶ್ವವಾಯು ಹೊಡೆದವರು ಬಹಳ ಕಾಲ ಉಳಿಯುತ್ತಿರಲಿಲ್ಲ. ಈಗ ಹಾಸಿಗೆ ಹಿಡಿದೂ ಹತ್ತು ವರ್ಷ ಬದುಕುತ್ತಾರೆ. ಅಷ್ಟು ವರ್ಷದ ಕೆಲಸಕ್ಕೆ ಕೈ ಬೇಕಲ್ವಾ?

"ವೃದ್ಧಾಶ್ರಮ, ರಿಟೈರ್ಮೆಂಟ್ ಹೋಮ್, ಅಸಿಸ್ಟೆಡ್ ಲಿವಿಂಗ್... ಎಲ್ಲಾ ಒಂದೇ ತಾನೆ?"

ಅಲ್ಲ. ಇಲ್ಲಿ ತಪ್ಪಿದರೆ ದುಡ್ಡೂ ಹೋಗುತ್ತದೆ, ಹಿರಿಯರೂ ಸೋಲುತ್ತಾರೆ. ರಿಟೈರ್ಮೆಂಟ್ ಹೋಮ್ ಅಂದರೆ ಗಟ್ಟಿಮುಟ್ಟಾಗಿರುವವರಿಗೆ ಫ್ಲ್ಯಾಟು: ಊಟ, ಸೆಕ್ಯೂರಿಟಿ, ವಾಕಿಂಗ್, ಜೊತೆ. ಕೊಂಡುಕೊಳ್ಳುವುದೂ ಉಂಟು, ಲೀಸಿಗೆ ತೆಗೆದುಕೊಳ್ಳುವುದೂ ಉಂಟು. ಅಸಿಸ್ಟೆಡ್ ಲಿವಿಂಗ್‌ನಲ್ಲಿ ಸ್ನಾನ, ಬಟ್ಟೆ, ಮಾತ್ರೆ ಇವಕ್ಕೆ ಸಹಾಯ ಸಿಗುತ್ತದೆ. ನರ್ಸಿಂಗ್ ಆರೈಕೆ ಕೇಂದ್ರ ಹಾಸಿಗೆ ಹಿಡಿದವರಿಗೆ, ಮೂಗಿನ ನಳಿಕೆ, ಕ್ಯಾಥೆಟರ್ (ಮೂತ್ರದ ನಳಿಕೆ) ಇರುವವರಿಗೆ. ಸಾಮಾನ್ಯ ವೃದ್ಧಾಶ್ರಮದಲ್ಲಿ ಊಟ, ವಸತಿ ಇರುತ್ತದೆ, ನಿಮ್ಮ ಕೆಲಸ ನೀವೇ ಮಾಡಿಕೊಳ್ಳಬೇಕು. ಎಷ್ಟೋ ಆಶ್ರಮಗಳು "ನಡೆದಾಡುವಂತಿದ್ದರೆ ಮಾತ್ರ" ಸೇರಿಸಿಕೊಳ್ಳುತ್ತವೆ.

ಬೋರ್ಡಿನಲ್ಲಿ ಯಾವ ಹೆಸರು ಬೇಕಾದರೂ ಇರಬಹುದು. "ನಾಳೆ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದರೆ ಇಲ್ಲೇ ಇಟ್ಟುಕೊಳ್ಳುತ್ತೀರಾ, ವಾಪಸ್ ಕರೆದುಕೊಂಡು ಹೋಗಿ ಅಂತೀರಾ?" ಎಂದು ನೇರವಾಗಿ ಕೇಳಿ. ಉತ್ತರದಿಂದ ಅದು ಯಾವ ಬಗೆಯದು ಅಂತ ಗೊತ್ತಾಗುತ್ತದೆ.

"ಮನೇಲೇ ಒಬ್ಬ ಹೋಮ್ ನರ್ಸ್ ಇಟ್ಕೊಂಡ್ರೆ ಸಾಲದಾ?"

ಮನೆಯಲ್ಲಿ ಮೇಲ್ವಿಚಾರಣೆಗೆ ಒಬ್ಬರಿದ್ದರೆ ಸಾಕು, ಎಷ್ಟೋ ಸಲ ಅದೇ ಒಳ್ಳೆಯದು. ಏಜೆನ್ಸಿಯಿಂದ ಬರುವವರಲ್ಲಿ ತರಬೇತಾದ ನರ್ಸ್ ಕಡಿಮೆ. ಹೆಚ್ಚಿನವರು ಅಟೆಂಡರ್. ಅವರು ಒಳ್ಳೆಯವರಿದ್ದರೂ 24 ಗಂಟೆ ಒಬ್ಬರೇ ಎದ್ದಿರಲು ಆಗಲ್ಲ. ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬರದೇ ಇರುವುದೂ ಉಂಟು. ಮಕ್ಕಳು ದೂರದಲ್ಲಿದ್ದು, ಮನೆಯಲ್ಲಿ ಹಿರಿಯರು ಮತ್ತು ಅಟೆಂಡರ್ ಇಬ್ಬರೇ ಅನ್ನುವಂತಿದ್ದರೆ ನನಗೆ ಆ ವ್ಯವಸ್ಥೆಯ ಮೇಲೆ ನಂಬಿಕೆ ಕಡಿಮೆ.

"ನಮ್ಮ ದೊಡ್ಡವ್ವಗ ಮಕ್ಳಿಲ್ರಿ, ಕೈಯಾಗ ರೊಕ್ಕಾನೂ ಇಲ್ಲ. ಎಲ್ಲಿಗೆ ಕಳಸೂದು?"

ಮೊದಲು 14567ಕ್ಕೆ ಫೋನ್ ಮಾಡಿ. ಅದು ಹಿರಿಯರಿಗಾಗಿ ಇರುವ ಉಚಿತ ಸಹಾಯವಾಣಿ, 'ಎಲ್ಡರ್‌ಲೈನ್'. ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ಶುರು ಮಾಡಿದ 1090 ಹಿರಿಯರ ಸಹಾಯವಾಣಿಯೂ ಇದೆ. ಜಿಲ್ಲೆಗಳಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಸರ್ಕಾರದ ಅನುದಾನದಲ್ಲಿ ನಡೆಯುವ ಉಚಿತ ವೃದ್ಧಾಶ್ರಮಗಳ ವಿವರ ಸಿಗುತ್ತದೆ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, ಗತಿಯಿಲ್ಲದ ಹಿರಿಯರಿಗಾಗಿ ಜಿಲ್ಲೆಗೊಂದಾದರೂ, 150 ಮಂದಿ ಇರಬಹುದಾದ ವೃದ್ಧಾಶ್ರಮದ ಮಾತಾಡುತ್ತದೆ. ಆದರೆ ಕಾಯ್ದೆಯ ಮಾತು "ಸ್ಥಾಪಿಸಬಹುದು" ಅಂತ, "ಸ್ಥಾಪಿಸಲೇಬೇಕು" ಅಂತಲ್ಲ. ಫಲ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಮಕ್ಕಳಿಲ್ಲದವರು, ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಅದಕ್ಕೆ ವಾರಸುದಾರರಾಗುವ ಸಂಬಂಧಿಕರಿಂದ ಜೀವನಾಂಶ ಕೇಳಬಹುದು. ದೊಡ್ಡವ್ವನ ಹೊಲ ಯಾರು ಉಳುತ್ತಿದ್ದಾರೆ ಅಂತ ನೋಡಿ.

## ಜಾಗ ಹುಡುಕುವಾಗ

"ನೋಡೋಕೆ ಹೋದಾಗ ಏನೇನು ನೋಡ್ಬೇಕು? ಎಲ್ಲಾ ಕಡೆ ಚೆನ್ನಾಗೇ ಕಾಣತ್ತೆ"

ಹೇಳಿ ಹೋದರೆ ಚೆನ್ನಾಗೇ ಕಾಣುತ್ತದೆ. ಮೊದಲ ಸಲ ಹೇಳಿ ಹೋಗಿ, ಎರಡನೇ ಸಲ ಹೇಳದೆ ಸಂಜೆ ಏಳರ ಹೊತ್ತಿಗೆ ಹೋಗಿ. ಹಗಲಿನವರು ಮನೆಗೆ ಹೋಗಿ ರಾತ್ರಿಯವರು ಬರುವ ಹೊತ್ತು ಅದು. ಆ ಹೊತ್ತಲ್ಲಿ ಒಳಗೆ ಬಿಡದೇ ಹೋದರೆ ಅದನ್ನೇ ಉತ್ತರ ಅಂದುಕೊಳ್ಳಿ.

ಲಾಬಿ, ತೋಟ, ದೇವರ ಮನೆ ನೋಡುವುದರಲ್ಲಿ ಹೊತ್ತು ಕಳೆಯಬೇಡಿ. ಹಾಸಿಗೆ ಹಿಡಿದವರ ಕೋಣೆ ತೋರಿಸಿ ಅನ್ನಿ. ಮೂಗಿಗೆ ಉಚ್ಚೆಯ ವಾಸನೆ ಬಡಿಯುತ್ತದಾ? ಫಿನಾಯಿಲ್ ವಾಸನೆ ಬಹಳ ಜೋರಾಗಿದ್ದರೂ ಸ್ವಲ್ಪ ಅನುಮಾನಪಡಿ. ಹಾಸಿಗೆ ಹುಣ್ಣು ಎಷ್ಟು ಜನರಿಗಿದೆ, ಅದರಲ್ಲಿ ಇಲ್ಲಿಗೆ ಬಂದಮೇಲೆ ಆದದ್ದು ಎಷ್ಟು ಅಂತ ಕೇಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದನ್ನು ಬರೆದಿಡುವ ಚಾರ್ಟ್ ಇದ್ದರೆ ತೋರಿಸಲಿ. ಇಡೀ ವಾರದ್ದು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಒಟ್ಟಿಗೆ ತುಂಬಿದಂತೆ ಕಂಡರೆ ಅರ್ಥ ಮಾಡಿಕೊಳ್ಳಿ.

ರಾತ್ರಿ ಎಷ್ಟು ಜನ ಡ್ಯೂಟಿಯಲ್ಲಿರುತ್ತಾರೆ, ಎಷ್ಟು ಹಿರಿಯರಿಗೆ? ಅವರಲ್ಲಿ ನರ್ಸ್ ಓದಿದವರು ಇದ್ದಾರಾ? ಅಟೆಂಡರುಗಳು ಇಲ್ಲಿ ಸೇರಿ ಎಷ್ಟು ಕಾಲವಾಯಿತು? ಇದನ್ನು ಮ್ಯಾನೇಜರನ್ನಲ್ಲ, ಅಟೆಂಡರನ್ನೇ ಕೇಳಿ. ಎಲ್ಲರೂ ಎರಡು ತಿಂಗಳ ಹಿಂದೆ ಸೇರಿದವರೇ ಆಗಿದ್ದರೆ ಅಲ್ಲಿ ಏನೋ ಸರಿಯಿಲ್ಲ. ಅವರು ಕನ್ನಡ ಮಾತಾಡುತ್ತಾರಾ ಅನ್ನುವುದೂ ಮುಖ್ಯ. ಈಗ ಆರೈಕೆ ಕೆಲಸಕ್ಕೆ ಬೇರೆ ರಾಜ್ಯಗಳಿಂದ ಬರುವ ಹುಡುಗ ಹುಡುಗಿಯರು ತುಂಬಾ. ಕೆಲಸದಲ್ಲಿ ಚುರುಕಾಗಿರುತ್ತಾರೆ, ಆದರೆ "ಹೊಟ್ಟೆ ತೊಳಸ್ತಿದೆ" ಅಂದರೆ ಅವರಿಗೆ ಗೊತ್ತಾಗಬೇಕಲ್ಲ.

ಊಟದ ಹೊತ್ತಿಗೆ ಅಲ್ಲೇ ಕೂತು ಒಂದು ತುತ್ತು ತಿನ್ನಿ. ಹಲ್ಲಿಲ್ಲದವರಿಗೆ ಏನು ಕೊಡುತ್ತಾರೆ? ಮುದ್ದೆ ತಿಂದು ಬೆಳೆದವರಿಗೆ ಮುದ್ದೆ, ಗಂಜಿ ಬೇಕಾದವರಿಗೆ ಗಂಜಿ ಸಿಗುತ್ತದಾ? ಕೈಯಲ್ಲಿ ತಿನ್ನಿಸುವವರು ಪಕ್ಕದಲ್ಲಿ ಕೂತು ತಿನ್ನಿಸುತ್ತಾರಾ, ನಿಂತುಕೊಂಡು ಬಾಯಿಗೆ ತುರುಕುತ್ತಾರಾ? ನಾನು ಇದೊಂದನ್ನೇ ನೋಡಿ ಎರಡು ಜಾಗ ಬೇಡ ಅಂದಿದ್ದೇನೆ.

ಕೊನೆಯದಾಗಿ, ಅಲ್ಲಿರುವ ಒಬ್ಬ ಹಿರಿಯರ ಜೊತೆ ಸಿಬ್ಬಂದಿ ಇಲ್ಲದೆ ಹತ್ತು ನಿಮಿಷ ಮಾತಾಡಿ. "ಹೇಗಿದೆ ಇಲ್ಲಿ?" ಅಂದರೆ "ಚೆನ್ನಾಗಿದೆ" ಅಂತಲೇ ಹೇಳುತ್ತಾರೆ. "ರಾತ್ರಿ ಬೆಲ್ ಒತ್ತಿದ್ರೆ ಬರ್ತಾರಾ?" ಅಂತ ಕೇಳಿ.

"ತಿಂಗಳಿಗೆ ಇಷ್ಟು ಅಂತ ಹೇಳ್ತಾರೆ, ಬಿಲ್ ಬರೋದು ಬೇರೆ. ಯಾಕೆ ಹೀಗೆ?"

ಫೋನಿನಲ್ಲಿ ಹೇಳುವುದು ಕೋಣೆ ಮತ್ತು ಊಟದ ದರ. ಡೈಪರ್, ಗ್ಲೌಸ್, ಮಾತ್ರೆ, ಫಿಸಿಯೋಥೆರಪಿ, ಡಾಕ್ಟರ್ ವಿಸಿಟ್, ಆಸ್ಪತ್ರೆಗೆ ಜೊತೆಗೆ ಹೋಗುವವರ ಖರ್ಚು ಎಲ್ಲ ಬೇರೆ. ಆರೈಕೆ ಜಾಸ್ತಿಯಾದಂತೆ ದರವೂ ಏರುತ್ತದೆ. ಹಾಗಾಗಿ ಈಗಿನ ದರದ ಜೊತೆ ಹಾಸಿಗೆ ಹಿಡಿದವರ ದರವನ್ನೂ ಬರೆಸಿಕೊಳ್ಳಿ. ಮುಂದಿನ ಐದು ವರ್ಷದ ಲೆಕ್ಕವನ್ನು ಆ ದರದಲ್ಲೇ ಹಾಕಿ.

ಜಿಎಸ್‌ಟಿ ಬಗ್ಗೆಯೂ ಕೇಳಿ. ಸರ್ಕಾರ ಅಥವಾ ಆದಾಯ ತೆರಿಗೆ ಕಾಯ್ದೆಯಡಿ ನೋಂದಾದ ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ, 60 ದಾಟಿದವರಿಗೆ, ಊಟ ವಸತಿ ಸೇರಿ ತಿಂಗಳಿಗೆ ತಲಾ 25,000 ರೂಪಾಯಿವರೆಗೆ ಜಿಎಸ್‌ಟಿ ವಿನಾಯಿತಿ ಇದೆ. ಖಾಸಗಿ ಕಂಪನಿ ನಡೆಸುವ ಕಡೆ ಈ ವಿನಾಯಿತಿ ಸಿಗುವುದಿಲ್ಲ.

"ಡಿಪಾಸಿಟ್ ಕೊಟ್ಟು ಸೈನ್ ಹಾಕೋ ಮುಂಚೆ ಏನು ಓದ್ಬೇಕು?"

ಹಣ ವಾಪಸ್ ಬರುವ ಸಾಲು. ಒಂದು ತಿಂಗಳಲ್ಲೇ ಬಿಟ್ಟರೆ ಎಷ್ಟು, ತೀರಿಕೊಂಡರೆ ಎಷ್ಟು, ಎಷ್ಟು ದಿನದಲ್ಲಿ, ಯಾರ ಖಾತೆಗೆ? ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಪೂರ್ತಿ ಬಾಡಿಗೆಯಾ? ಯಾವ ಕಾರಣಕ್ಕೆ ಅವರು "ಕರೆದುಕೊಂಡು ಹೋಗಿ" ಅನ್ನಬಹುದು, ಎಷ್ಟು ದಿನದ ನೋಟಿಸ್ ಕೊಡುತ್ತಾರೆ? ಮೊದಲು ಒಂದು ತಿಂಗಳು ಡಿಪಾಸಿಟ್ ಇಲ್ಲದೆ ಇದ್ದು ನೋಡಲು ಬಿಡುತ್ತಾರಾ ಅಂತ ಕೇಳಿ. ಒಳ್ಳೆಯ ಜಾಗದವರು ಇದಕ್ಕೆ ಬೇಡ ಅನ್ನುವುದು ಕಡಿಮೆ.

ರಿಟೈರ್ಮೆಂಟ್ ಹೋಮ್ ಕೊಳ್ಳುವವರಾದರೆ ಕಟ್ಟಿದವರು ಬೇರೆ, ನಡೆಸುವವರು ಬೇರೆ ಆಗಿರಬಹುದು. ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಹೊರಡಿಸಿದ ಮಾದರಿ ಮಾರ್ಗಸೂಚಿ ಕಟ್ಟಿದವರು, ನಡೆಸುವವರು, ಕೊಳ್ಳುವವರು ಮೂವರೂ ಸೇರಿ ಒಪ್ಪಂದ ಮಾಡಿಕೊಳ್ಳಬೇಕು ಅನ್ನುತ್ತದೆ. ಅದನ್ನೇ ಕೇಳಿ ಪಡೆಯಿರಿ.

"ಅಮ್ಮ ಒಪ್ತಾನೇ ಇಲ್ಲ. ದೇವಸ್ಥಾನಕ್ಕೆ ಹೋಗೋಣ ಅಂತ ಹೇಳಿ ಕರ್ಕೊಂಡು ಹೋಗಿ ಬಿಟ್ಟು ಬರ್ಬಹುದಾ?"

ಬೇಡ. ದಯವಿಟ್ಟು ಬೇಡ. ಹಾಗೆ ಬಂದವರು ವರ್ಷಗಟ್ಟಲೆ ಗೇಟಿನ ಕಡೆ ಮುಖ ಮಾಡಿ ಕೂರುತ್ತಾರೆ ಅಂತ ಅಲ್ಲಿನ ಸಿಬ್ಬಂದಿಯೇ ಹೇಳುತ್ತಾರೆ. ಬುದ್ಧಿ ಸರಿಯಿರುವ ದೊಡ್ಡವರನ್ನು ಅವರ ಮನಸ್ಸಿಗೆ ವಿರುದ್ಧವಾಗಿ ಎಲ್ಲೂ ಇಡುವ ಹಕ್ಕು ಮಕ್ಕಳಿಗಿಲ್ಲ.

ಅಮ್ಮ ಬೇಡ ಅನ್ನುವುದು ಯಾವುದಕ್ಕೆ ಅಂತ ಹುಡುಕಿ. ಎಷ್ಟೋ ಸಲ ಜಾಗಕ್ಕಲ್ಲ, ಮನೆಯ ಬೀಗದ ಕೈ ಕೊಡಬೇಕಲ್ಲ ಅನ್ನುವುದಕ್ಕೆ. ನಾಲ್ಕು ದಿನ ಇದ್ದು ಬರಲಿ, ಮನೆ ಹಾಗೇ ಇರಲಿ, ಕೈಯಲ್ಲಿ ಫೋನು, ಪರ್ಸಿನಲ್ಲಿ ದುಡ್ಡು ಇರಲಿ. ಹಗಲಲ್ಲಿ ಮಾತ್ರ ಇದ್ದು ಸಂಜೆ ಮನೆಗೆ ಬರುವ ಡೇ ಕೇರ್ ಹತ್ತಿರ ಇದ್ದರೆ ಅಲ್ಲಿಂದ ಶುರು ಮಾಡಿ. ಎರಡು ಮೂರು ಜಾಗ ಅವರೇ ನೋಡಿ ಆರಿಸಲಿ. ಅವರಿಗೆ ಇಷ್ಟವಾದದ್ದು ನಿಮಗೆ ಇಷ್ಟವಾಗದಿದ್ದರೂ ಪರವಾಗಿಲ್ಲ, ಅಲ್ಲಿ ಇರಬೇಕಾದವರು ಅವರು.

"ನಾನು ಅಮೆರಿಕದಲ್ಲಿದ್ದೀನಿ. ಸಿಸಿಟಿವಿ ಇದೆ, ದಿನಾ ವಿಡಿಯೋ ಕಾಲ್ ಮಾಡಿಸ್ತೀವಿ ಅಂತಾರೆ. ಸಾಕಲ್ವಾ?"

ಸಾಲದು. ವಿಡಿಯೋ ಕಾಲಿಗೆ ತಲೆ ಬಾಚಿ ಕೂರಿಸುವುದು ಐದು ನಿಮಿಷದ ಕೆಲಸ. ಬೆನ್ನ ಕೆಳಗಿನ ಹುಣ್ಣು ಕ್ಯಾಮೆರಾಗೆ ಕಾಣಲ್ಲ. ಹದಿನೈದು ದಿನಕ್ಕೊಮ್ಮೆಯಾದರೂ ಹೋಗಿ ನೋಡುವ ಒಬ್ಬರು ಊರಲ್ಲಿ ಬೇಕು: ತಂಗಿ, ಚಿಕ್ಕಪ್ಪನ ಮಗ, ಅಮ್ಮನ ಹಳೆಯ ಸಹೋದ್ಯೋಗಿ, ಯಾರಾದರೂ ಸರಿ. ಮಧ್ಯರಾತ್ರಿ ಆಸ್ಪತ್ರೆಗೆ ಸೇರಿಸಬೇಕಾದರೆ ಸಹಿ ಹಾಕುವವರು ಯಾರು ಅನ್ನುವುದನ್ನು ಆಶ್ರಮದವರಿಗೆ ಬರೆದು ಕೊಡಿ. ಪಿಂಚಣಿ ಬರುತ್ತಿದ್ದರೆ ನವೆಂಬರ್ ಹೊತ್ತಿಗೆ ಜೀವನ ಪ್ರಮಾಣ ಪತ್ರ ಕೊಡಿಸುವುದು ಮರೆಯಬೇಡಿ. ಅದನ್ನು ಈಗ ಮೊಬೈಲಿನಲ್ಲೇ ಮುಖ ತೋರಿಸಿ ಮಾಡಬಹುದು.

## ಸ್ವಲ್ಪ ಕಷ್ಟದ ಪ್ರಶ್ನೆಗಳು

"ಅಪ್ಪನಿಗೆ ಮರೆವು. ರಾತ್ರಿ ಎದ್ದು ಆಫೀಸಿಗೆ ಹೋಗ್ಬೇಕು ಅಂತಾರೆ. ಮಾಮೂಲಿ ಆಶ್ರಮ ನಡಿಯತ್ತಾ?"

ಬಹಳ ದಿನ ನಡೆಯಲ್ಲ. ಡೆಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇರುವವರಿಗೆ ಬೇರೆ ಥರದ ಜಾಗ ಬೇಕು. ದಾರಿ ತಪ್ಪದಂತೆ ಸುತ್ತಿ ಬರುವ ಓಡಾಟದ ಜಾಗ, ಗುರುತು ಸಿಗುವ ಬಾಗಿಲುಗಳು, ರಾತ್ರಿ ಎಚ್ಚರವಿರುವ ಸಿಬ್ಬಂದಿ ಬೇಕು. "ಆಫೀಸಿಗೆ ಹೋಗ್ಬೇಕು" ಅಂದರೆ "ನಿಮಗೆ ರಿಟೈರ್ ಆಗಿ ಇಪ್ಪತ್ತು ವರ್ಷ ಆಯ್ತು" ಅಂತ ವಾದ ಮಾಡದೆ, "ಇವತ್ತು ರಜೆ ಸಾರ್, ಕಾಫಿ ಕುಡೀರಿ" ಅನ್ನುವಷ್ಟು ತರಬೇತಿ ಅವರಿಗೆ ಇರಬೇಕು. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡೆಮೆನ್ಶಿಯಾ ಇದೆ. ಅವರಿಗೆಂದೇ ಇರುವ ಹಾಸಿಗೆಗಳು ಅದರ ಮುಂದೆ ಏನೇನೂ ಅಲ್ಲ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಟ್ರಸ್ಟ್ ನಡೆಸುವ ಕೇಂದ್ರ ಇಂಥದ್ದು.

ನೋಡಲು ಹೋದಾಗ ಮುಖ್ಯವಾಗಿ ಎರಡು ಕೇಳಿ. ಗಲಾಟೆ ಮಾಡುವವರನ್ನು ಕಟ್ಟಿ ಹಾಕುತ್ತೀರಾ? ನಿದ್ದೆ ಮಾತ್ರೆಯನ್ನು ಯಾರು ಬರೆದುಕೊಡುತ್ತಾರೆ, ಎಷ್ಟು ದಿನಕ್ಕೊಮ್ಮೆ ಅದನ್ನು ಮತ್ತೆ ನೋಡುತ್ತಾರೆ? ಮಧ್ಯಾಹ್ನ ಹೋದಾಗ ಎಲ್ಲರೂ ಕುರ್ಚಿಯಲ್ಲಿ ತೂಕಡಿಸುತ್ತಿದ್ದರೆ ಅದು ಶಾಂತಿ ಅಲ್ಲ, ಮಾತ್ರೆ.

"ಅಪ್ಪ ನಂಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದಾರೆ. ಇನ್ನೇನು ತೊಂದ್ರೆ ಇಲ್ಲ ಅಲ್ವಾ?"

ಇಲ್ಲೇ ಬಹಳ ಜನ ಎಡವುತ್ತಾರೆ. ಪವರ್ ಆಫ್ ಅಟಾರ್ನಿ ಅಂದರೆ ತಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ. ನಮ್ಮ ಕಾನೂನಿನಲ್ಲಿ ಅದನ್ನು ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದೂ ಬಿದ್ದುಹೋಗುತ್ತದೆ. ಅಂದರೆ ಅದು ನಿಜಕ್ಕೂ ಬೇಕಾಗುವ ಹೊತ್ತಿಗೇ ಕೈಕೊಡುತ್ತದೆ. ಆಮೇಲೆ ಅಪ್ಪನ ದುಡ್ಡಿನಿಂದಲೇ ಅಪ್ಪನ ಆರೈಕೆಗೆ ಹಣ ತೆಗೆಯಲು ಗಾರ್ಡಿಯನ್ ನೇಮಿಸಿ ಅಂತ ಹೈಕೋರ್ಟಿಗೆ ಹೋಗಬೇಕಾಗಿ ಬರುತ್ತದೆ.

ಅದಕ್ಕೇ ಮರೆವು ಶುರುವಾಗುವ ಮೊದಲು, ಅಥವಾ ಶುರುವಾದ ಹೊಸದರಲ್ಲೇ, ಖಾತೆಗಳನ್ನು 'ಇಬ್ಬರಲ್ಲಿ ಯಾರಾದರೂ' ತೆಗೆಯುವಂತೆ ಜಂಟಿ ಮಾಡಿಸಿ. ಎಫ್‌ಡಿಗಳನ್ನೂ ಮರೆಯಬೇಡಿ. ಉಳಿದ ಮಕ್ಕಳಿಗೆ ಗೊತ್ತಿರುವಂತೆ ಮಾಡಿ. ಗುಟ್ಟಾಗಿ ಮಾಡಿದರೆ ಆಮೇಲೆ ಅಣ್ಣ ತಮ್ಮಂದಿರ ಜಗಳ ಆಶ್ರಮದ ಬಾಗಿಲಿಗೇ ಬರುತ್ತದೆ.

"ಮನೆ ಮಗನ ಹೆಸರಿಗೆ ಬರೆದುಕೊಟ್ಟೆ. ಈಗ ನನ್ನನ್ನೇ ಆಶ್ರಮಕ್ಕೆ ಹೋಗು ಅಂತಾನೆ. ವಾಪಸ್ ಪಡೀಬಹುದಾ?"

ಪಡೆಯಬಹುದು, ಆದರೆ ಪತ್ರದಲ್ಲಿ ಏನು ಬರೆದಿದೆ ಅನ್ನುವುದು ಮುಖ್ಯ. 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ತನ್ನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಆ ಷರತ್ತು ಇತ್ತು ಅಂತ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ತೀರ್ಪಿನಲ್ಲಿ, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು, ಆಸ್ತಿಯ ಸ್ವಾಧೀನ ಬಿಡಿಸಿಕೊಡುವ ಅಧಿಕಾರವೂ ನ್ಯಾಯಮಂಡಳಿಗೆ ಇದೆ ಎಂದಿತು.

ಅರ್ಜಿ ಕೊಡಬೇಕಾದದ್ದು ಈ ನ್ಯಾಯಮಂಡಳಿ ನಡೆಸುವ ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ. ಕಚೇರಿಗೆ. ಮೇಲ್ಮನವಿ ಜಿಲ್ಲಾಧಿಕಾರಿಗೆ. ಇದೇ ಕಾಯ್ದೆಯಡಿ ಜೀವನಾಂಶವನ್ನೂ ಕೇಳಬಹುದು, ಆದರೆ ಮಿತಿ ತಿಂಗಳಿಗೆ 10,000 ರೂಪಾಯಿ. ಇವತ್ತಿನ ಆರೈಕೆಯ ಖರ್ಚಿಗೆ ಅದು ಯಾವ ಮೂಲೆಗೆ? ಇನ್ನೂ ಬರೆದುಕೊಡದವರಿಗೆ ಒಂದೇ ಮಾತು: ಗಿಫ್ಟ್ ಡೀಡ್ (ದಾನಪತ್ರ) ಬದಲು ವಿಲ್ ಬರೆಯಿರಿ. ವಿಲ್ಲನ್ನು ಬದುಕಿರುವಷ್ಟು ದಿನ ಬದಲಾಯಿಸಬಹುದು.

"ಆಯುಷ್ಮಾನ್ ಕಾರ್ಡ್ ಇದೆ, ಇನ್ಶೂರೆನ್ಸೂ ಇದೆ. ಆರೈಕೆ ಕೇಂದ್ರದ ಖರ್ಚು ಬರತ್ತಾ?"

ಬರಲ್ಲ. 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಅದು ಆಸ್ಪತ್ರೆಗೆ ಸೇರಿದಾಗ ಮಾತ್ರ. ತಿಂಗಳುಗಟ್ಟಲೆ ಉಣಿಸಿ, ತೊಳೆದು, ಮಲಗಿಸುವ ಕೆಲಸಕ್ಕೆ ಯಾವ ಕಾರ್ಡೂ ದುಡ್ಡು ಕೊಡುವುದಿಲ್ಲ.

ಜಪಾನ್ ಇದಕ್ಕೆಂದೇ 2000ದಲ್ಲಿ ಬೇರೆ ವಿಮೆ ಶುರು ಮಾಡಿತು. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಎಷ್ಟು ಆರೈಕೆ ಬೇಕು ಅಂತ ಏಳು ಹಂತಗಳಲ್ಲಿ (ಮೊದಲ ಎರಡು ಬರೀ ನೆರವಿನವು, ಉಳಿದ ಐದು ಆರೈಕೆಯವು) ಅಳೆಯುತ್ತಾರೆ. ಹೆಚ್ಚಿನವರು ಖರ್ಚಿನ ನೂರಕ್ಕೆ ಹತ್ತು ಮಾತ್ರ ಕೊಡುತ್ತಾರೆ. ಅಲ್ಲೂ ದುಡ್ಡು ಸಾಲದೆ, 2015ರಿಂದ ಸರ್ಕಾರಿ ನೆರವಿನ ನರ್ಸಿಂಗ್ ಹೋಮ್‌ಗಳಿಗೆ ಆರೈಕೆಯ ಮೂರನೇ ಹಂತ ಮತ್ತು ಅದಕ್ಕಿಂತ ಹೆಚ್ಚಿನವರನ್ನು ಮಾತ್ರ ಹೊಸದಾಗಿ ಸೇರಿಸಿಕೊಳ್ಳುತ್ತಾರೆ. ನಾವಿನ್ನೂ ಮೊದಲ ಹೆಜ್ಜೆಯನ್ನೇ ಇಟ್ಟಿಲ್ಲ. ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಈ ಬಗ್ಗೆ ಒಬ್ಬರೂ ಕೇಳುವುದಿಲ್ಲ.

"ಕೊನೆಗಾಲದಲ್ಲಿ ವೆಂಟಿಲೇಟರ್ ಹಾಕ್ಬೇಡಿ ಅಂತ ಅಮ್ಮ ಹೇಳ್ತಿರ್ತಾರೆ. ಬಾಯಿಮಾತು ಸಾಕಾ?"

ಬರೆದಿಟ್ಟರೆ ಒಳ್ಳೆಯದು. ಆಶ್ರಮದವರು ಹೆದರಿಕೆಗೆ ಆಂಬುಲೆನ್ಸ್ ಕರೆಸುತ್ತಾರೆ, ಐಸಿಯುಗೆ ಹೋದಮೇಲೆ ಮಕ್ಕಳಲ್ಲಿ ಒಬ್ಬರು ಹೂಂ, ಒಬ್ಬರು ಉಹೂಂ. ಗುಣವಾಗುವ ಆಸೆಯೇ ಇಲ್ಲದ ಕೊನೆಯ ಹಂತದಲ್ಲಿ ಜೀವರಕ್ಷಕ ಯಂತ್ರಗಳು ಬೇಡ ಅಂತ ಮೊದಲೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನ ಸರಳ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ಒಪ್ಪಿದ ಮೇಲಷ್ಟೇ ಅದು ಜಾರಿಗೆ ಬರುತ್ತದೆ. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ.

ಯಂತ್ರ ಬೇಡ ಅಂದರೆ ಆರೈಕೆ ಬೇಡ ಅಂತಲ್ಲ. ನೋವಿಗೆ ಔಷಧ, ಉಸಿರಾಟದ ಕಷ್ಟಕ್ಕೆ ಉಪಶಮನ ಎಲ್ಲ ನಡೆಯುತ್ತದೆ. ಕ್ಯಾನ್ಸರ್‌ನ ಕೊನೆಯ ಹಂತದವರನ್ನು ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ.

"ಅಲ್ಲೇ ತೀರಿಕೊಂಡ್ರೆ ಏನೇನು ಮಾಡ್ಬೇಕು?"

ಸೇರಿಸುವ ದಿನವೇ ಇದನ್ನು ಕೇಳಲು ಬಾಯಿ ಬರುವುದಿಲ್ಲ. ಆದರೂ ಕೇಳಿ. ಸಾವನ್ನು ಖಚಿತಪಡಿಸಿ ಕಾರಣ ಬರೆದುಕೊಡುವ ಡಾಕ್ಟರ್ ರಾತ್ರಿಯೂ ಬರುತ್ತಾರಾ? ಮಕ್ಕಳು ಬರುವವರೆಗೆ ದೇಹವನ್ನು ಎಲ್ಲಿ ಇಡುತ್ತಾರೆ, ಫ್ರೀಜರ್ ಬಾಕ್ಸ್ ಯಾರು ತರಿಸುತ್ತಾರೆ? ನೇತ್ರದಾನ ಮಾಡುವ ಇಚ್ಛೆ ಇದ್ದರೆ ಆರು ಗಂಟೆಯೊಳಗೆ ಆಗಬೇಕು, ಹಾಗಾಗಿ ಆ ಫೋನ್ ನಂಬರ್ ಅವರ ಫೈಲಿನಲ್ಲೇ ಇರಲಿ. ಮರಣದ ನೋಂದಣಿ 21 ದಿನದೊಳಗೆ ಆಗಬೇಕು. ಅದನ್ನು ಆಶ್ರಮದವರು ಮಾಡಿಸುತ್ತಾರಾ, ನೀವು ಮಾಡಿಸಬೇಕಾ ಅಂತ ಮೊದಲೇ ತಿಳಿದುಕೊಳ್ಳಿ. ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಬರೆಸಿ. ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ಬ್ಯಾಂಕಿನಲ್ಲಿ, ಆಸ್ತಿಯ ಖಾತೆ ಬದಲಾವಣೆಯಲ್ಲಿ ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ. ಪ್ರಮಾಣಪತ್ರದ ಪ್ರತಿಗಳನ್ನು ಒಂದೇ ಸಲ ಹತ್ತಾದರೂ ತೆಗೆಸಿಟ್ಟುಕೊಳ್ಳಿ.